ಎಚ್‌ಬಿಎ1ಸಿ 6.2 ಬಂದಿದೆ, ವೈದ್ಯರು ‘ಬಾರ್ಡರ್’ ಎಂದರು: ಇದನ್ನು ಕಾಯಿಲೆ ಎಂದೇ ತಿಳಿಯಬೇಕೇ?

ಪ್ರಶ್ನೆ: ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 43. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ತಲೆಸುತ್ತು ಶುರುವಾಗಿ, ಮನೆಯ ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿದ್ದರಿಂದ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಸಕ್ಕರೆ 109, ಊಟವಾದ ಎರಡು ಗಂಟೆಯ ನಂತರ 164, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2, ಹಿಮೋಗ್ಲೋಬಿನ್ 9.1 ಎಂದು ವರದಿ ಬಂದಿದೆ. ವೈದ್ಯರು ವರದಿ ನೋಡಿ, ರಕ್ತ ಹೆಚ್ಚಲು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಶುಗರ್ ಬಾರ್ಡರ್ ಮೇಲಿದೆ, ಸಿಹಿ ಕಡಿಮೆ ಮಾಡಿ, ಆರು ತಿಂಗಳು ಬಿಟ್ಟು ಮತ್ತೆ ತೋರಿಸಿ ಎಂದು ಹೇಳಿ ಕಳುಹಿಸಿದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ನನಗೂ ಆ ಕ್ಷಣಕ್ಕೆ ಏನು ಕೇಳಬೇಕೆಂದು ತೋಚಲಿಲ್ಲ.

ಮನೆಗೆ ಬಂದ ಮೇಲೆ ಆ ಒಂದು ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚುತ್ತಿದ್ದಾರೆ. ನಮ್ಮ ಅತ್ತೆಯವರು, “ಬಾರ್ಡರ್ ಮ್ಯಾಲ ಅದ ಅಂದ್ರ ಇನ್ನಾ ಬಂದಿಲ್ಲ ಅಂತ ಅರ್ಥ, ಸುಮ್ಮನ ತಲಿ ಕೆಡಿಸ್ಕೋಬ್ಯಾಡ” ಎನ್ನುತ್ತಾರೆ. ಯಜಮಾನರು ಸಕ್ಕರೆ ಡಬ್ಬಿಯನ್ನೇ ಅಟ್ಟಕ್ಕೆ ಏರಿಸಿ, ಯಾರೋ ಹೇಳಿದರೆಂದು ಒಂದು ಕಷಾಯದ ಪುಡಿ ತರಿಸಿದ್ದಾರೆ. ನನ್ನ ಸಂಗತಿ ಬೇರೆ. ನನ್ನ ತಾಯಿಗೆ ಹದಿನೆಂಟು ವರ್ಷ ಸಕ್ಕರೆ ಕಾಯಿಲೆ ಇತ್ತು. ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಎಂಟು ತಿಂಗಳು ಆ ಗಾಯಕ್ಕೆ ದಿನ ಬಿಟ್ಟು ದಿನ ಪಟ್ಟಿ ಕಟ್ಟಿದವಳು ನಾನು. ವರದಿ ಬಂದ ದಿನದಿಂದ ರಾತ್ರಿ ದೀಪ ಆರಿಸುವ ಮುಂಚೆ ನನ್ನ ಕಾಲ್ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಳ್ಳುವುದು ರೂಢಿಯಾಗಿಬಿಟ್ಟಿದೆ.

ನಾನು ತಿಳಿಯಬೇಕಾಗಿರುವುದು ಇಷ್ಟು. ಇದು ಕಾಯಿಲೆಯೇ ಅಥವಾ ಅಲ್ಲವೇ? ನಾನು ಮೊದಲಿನಿಂದಲೂ ಸಿಹಿ ತಿನ್ನುವವಳಲ್ಲ, ಎರಡೂ ಹೊತ್ತು ಜೋಳದ ರೊಟ್ಟಿಯನ್ನೇ ಉಣ್ಣುತ್ತೇನೆ. ರೊಟ್ಟಿ ಉಣ್ಣುವವರಿಗೆ ಶುಗರ್ ಬರುವುದಿಲ್ಲ ಎಂದು ನಮ್ಮ ಭಾಗದಲ್ಲಿ ಎಲ್ಲರೂ ಹೇಳುವಾಗ, ನನಗೆ ಹೇಗೆ ಬಂತು? ಶುಗರ್ ಮಾತ್ರೆಯನ್ನು ಈಗಲೇ ಆರಂಭಿಸಬೇಕೇ? ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಬೀದರ

ಅಕ್ಕೋರೇ, ನಾನು ವೈದ್ಯನಲ್ಲ. ಆದರೆ ಮೂವತ್ತೊಂದು ವರ್ಷ ರಕ್ತ ಪರೀಕ್ಷೆಯ ಕೆಲಸವನ್ನೇ ಮಾಡಿದವನು. ನಿಮ್ಮ ವರದಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 6.2 ಅಲ್ಲ, ಹಿಮೋಗ್ಲೋಬಿನ್ 9.1.

ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬ ಲೆಕ್ಕ. ಒಂದು ಕೆಂಪುಕಣ ಸುಮಾರು 120 ದಿನ ಬದುಕುತ್ತದೆ, ಆದ್ದರಿಂದಲೇ ಇದನ್ನು ಮೂರು ತಿಂಗಳ ಸರಾಸರಿ ಎನ್ನುತ್ತಾರೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬಂದವರಲ್ಲಿ ಹೊಸ ಕಣಗಳ ಹುಟ್ಟು ನಿಧಾನವಾಗಿ, ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯ ಕಣಕ್ಕೆ ಸಕ್ಕರೆ ಅಂಟಲು ಹೆಚ್ಚು ದಿನ ಸಿಕ್ಕಿರುವುದರಿಂದ, ರಕ್ತದ ಸಕ್ಕರೆ ನಿಜವಾಗಿ ಅಷ್ಟು ಇರದಿದ್ದರೂ ಎಚ್‌ಬಿಎ1ಸಿ ಸ್ವಲ್ಪ ಮೇಲೆ ತೋರಿಸಬಹುದು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದನ್ನು ದಿನವೂ ಕಂಡಿದ್ದೇನೆ. ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ನಿಮ್ಮ ವರದಿಯೇ ಸುಳ್ಳು ಎನ್ನಲಾರೆ, ಏಕೆಂದರೆ ಖಾಲಿ ಹೊಟ್ಟೆಯ 109ಕ್ಕೂ ರಕ್ತಹೀನತೆಗೂ ಸಂಬಂಧವಿಲ್ಲ. ಅಮೆರಿಕದ ಮಧುಮೇಹ ಸಂಘದ ಮಾನದಂಡದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರವರೆಗೆ, ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಪೂರ್ವಸ್ಥಿತಿ. 126 ಅಥವಾ 6.5 ಮುಟ್ಟಿ ಇಲ್ಲವೇ ದಾಟಿ, ಅದು ಎರಡನೆಯ ಪರೀಕ್ಷೆಯಲ್ಲೂ ಖಚಿತವಾದರೆ ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆಯು ಖಾಲಿ ಹೊಟ್ಟೆಯ ಕೆಳಗಿನ ಗಡಿಯನ್ನು 110ಕ್ಕೆ ಇಟ್ಟಿದೆ. ಅಂದರೆ ನಿಮ್ಮ 109 ಒಂದು ಅಳತೆಗೋಲಿನಲ್ಲಿ ಗಡಿಯೊಳಗೆ, ಇನ್ನೊಂದರಲ್ಲಿ ಗಡಿಯ ಹೊರಗೆ. ಗಣಿತದವರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ದೇಹದೊಳಗೆ ಅಂಥ ಗೆರೆ ಯಾವುದೂ ಇಲ್ಲ. ಸಕ್ಕರೆ ಏರಿದಷ್ಟೂ ಅಪಾಯ ಏರುತ್ತ ಹೋಗುತ್ತದೆ, ನಾವು ನಡುವೆ ಒಂದು ಕಡೆ ಗೆರೆ ಎಳೆದುಕೊಂಡಿದ್ದೇವೆ.

ಊಟದ ನಂತರದ 164ರ ಮೇಲೆ ನಿರ್ಣಯ ಮಾಡಲಾಗದು, ಏಕೆಂದರೆ ಒಬ್ಬರು ಉಂಡಂತೆ ಇನ್ನೊಬ್ಬರು ಉಣ್ಣುವುದಿಲ್ಲ. ಸಂದೇಹ ಪರಿಹಾರಕ್ಕೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಇದೆ. ರಾತ್ರಿಯಿಡೀ ಏನೂ ತಿನ್ನದೆ ಬಂದು, ಮೊದಲು ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿದು, ಸರಿಯಾಗಿ ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕು. ಎರಡನೆಯ ಅಂಕಿ 140ರ ಕೆಳಗಿದ್ದರೆ ಸಹಜ, 140ರಿಂದ 199 ಪೂರ್ವಸ್ಥಿತಿ, 200 ಅಥವಾ ಅದಕ್ಕಿಂತ ಹೆಚ್ಚಾದರೆ ಮಧುಮೇಹ. ಹಿಂದಿನ ಮೂರು ದಿನ ಎಂದಿನಂತೆಯೇ ಉಣ್ಣಬೇಕು, ಪರೀಕ್ಷೆಗೆಂದು ರೊಟ್ಟಿ ಬಿಟ್ಟು ಹೋಗಬಾರದು. ನಡುವಿನ ಎರಡು ಗಂಟೆ ಅಲ್ಲಿಯೇ ಕುಳಿತಿರಬೇಕು. ತರಕಾರಿ ತಂದುಬಿಡುತ್ತೇನೆಂದು ಮಾರುಕಟ್ಟೆಗೆ ಹೋಗಿ ಬಂದವರನ್ನು ನಾನು ಎಷ್ಟೋ ಸಲ ಹಿಂದಕ್ಕೆ ಕಳುಹಿಸಿದ್ದೇನೆ.

ಇನ್ನೊಂದು ಮಾತು. ಸಕ್ಕರೆ ಪರೀಕ್ಷೆಯ ರಕ್ತವನ್ನು ಬೂದು ಮುಚ್ಚಳದ ನಳಿಕೆಗೆ ತೆಗೆದುಕೊಳ್ಳುತ್ತಾರೆಯೇ ಎಂದು ಗಮನಿಸಿ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಸಾಮಾನ್ಯ ನಳಿಕೆಯಲ್ಲಿ ರಕ್ತ ಹಾಗೆಯೇ ನಿಂತರೆ ಕಣಗಳೇ ಸಕ್ಕರೆಯನ್ನು ತಿಂದುಹಾಕಿ, ಗಂಟೆಗೆ ಶೇ. 5ರಿಂದ 7ರಷ್ಟು ಅಂಕಿ ಇಳಿಯುತ್ತ ಹೋಗುತ್ತದೆ. ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದ ಬಸ್ಸಿಗೆ ಪಟ್ಟಣ ಸೇರಿದರೆ, ಇರುವ ಕಾಯಿಲೆಯೂ ವರದಿಯಲ್ಲಿ ಮರೆಯಾಗಬಹುದು.

ಉತ್ತರ 2: ಕಿರಾಣಿ ವ್ಯಾಪಾರಿ, ಶಹಾಪುರ, ಯಾದಗಿರಿ ಜಿಲ್ಲೆ

ಅಕ್ಕೋರೇ, ನಿಮ್ಮ ಅತ್ತೆಯವರು ಹೇಳಿದ ಮಾತನ್ನೇ ಆರು ವರ್ಷಗಳ ಹಿಂದೆ ನನಗೆ ನಾನೇ ಹೇಳಿಕೊಂಡಿದ್ದೆ. ಆಗ ನನ್ನ ಎಚ್‌ಬಿಎ1ಸಿ 6.0 ಇತ್ತು. ‘ಬಾರ್ಡರ್’ ಎಂಬ ಪದ ಕೇಳಿ ನನಗೆ ಆದದ್ದು ಸಮಾಧಾನ, ಭಯವಲ್ಲ. ವರದಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಉದ್ದರಿ ಚೀಟಿಗಳ ಜೊತೆ ಇಟ್ಟೆ, ಮರೆತೆ. ಬೆಳಗಿನಿಂದ ರಾತ್ರಿಯವರೆಗೆ ಕುಳಿತೇ ಇರುವ ಕೆಲಸ, ಬಂದ ಗಿರಾಕಿಗಳ ಜೊತೆ ಹತ್ತು ಸಲ ಸಕ್ಕರೆ ಹಾಕಿದ ಚಹಾ, ಸಂಜೆಗೆ ಸೂಸಲ ಮತ್ತು ಮಿರ್ಚಿ ಭಜಿ. ನೋವಿಲ್ಲ, ಜ್ವರವಿಲ್ಲ, ದೇಹ ಯಾವ ಸೂಚನೆಯನ್ನೂ ಕೊಡಲಿಲ್ಲ. ಕಳೆದ ವರ್ಷ ಕನ್ನಡಕ ಬದಲಿಸಲು ಕಣ್ಣಿನ ವೈದ್ಯರ ಬಳಿ ಹೋದಾಗ, ಅವರು ಕಣ್ಣಿನ ಹಿಂಪದರದಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆಗಳನ್ನು ಕಂಡು, ನಿಮಗೆ ಶುಗರ್ ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ನನಗೆ ಶುಗರ್ ಇಲ್ಲ ಎಂದೆ. ಅಂದು ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 9.4 ಬಂತು.

ನಡುವೆ ಒಂದು ಸಲವಾದರೂ ಪರೀಕ್ಷೆ ಮಾಡಿಸಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು ಎಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ. ನೀವು ರಾತ್ರಿ ಕಾಲ್ಬೆರಳು ನೋಡಿಕೊಳ್ಳುತ್ತೀರಿ ಎಂದು ಓದಿದಾಗ ಮನಸ್ಸು ಕಲಕಿತು. ಆರು ತಿಂಗಳ ನಂತರದ ಪರೀಕ್ಷೆಯ ದಿನಾಂಕವನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಉತ್ತರ 3: ಶುಶ್ರೂಷಾಧಿಕಾರಿ, ಆಳಂದ ತಾಲ್ಲೂಕು

ಅಕ್ಕಾ, ನಾನು ಬಿಪಿ ಮತ್ತು ಶುಗರ್ ರೋಗಿಗಳನ್ನು ನೋಡುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲು ನಿಮ್ಮ ಭಯದ ಬಗ್ಗೆ ಹೇಳುತ್ತೇನೆ. ಕಾಲಿನ ಗಾಯ ಬೆರಳು ತೆಗೆಯುವವರೆಗೆ ಹೋಗುವುದು ಸಾಮಾನ್ಯವಾಗಿ ಹಲವು ವರ್ಷ ಸಕ್ಕರೆ ಹತೋಟಿ ತಪ್ಪಿ, ಪಾದದ ನರಗಳು ಜೋಮು ಹಿಡಿದು, ರಕ್ತಸಂಚಾರ ಕುಂದಿದ ಮೇಲೆ. ನೀವು ಆ ದಾರಿಯ ಮೊದಲ ತಿರುವಿನಲ್ಲಿದ್ದೀರಿ, ಇಲ್ಲಿಂದ ಹಿಂದಕ್ಕೆ ಬರಲು ಸಾಧ್ಯವಿದೆ. ಇದು ಕಾಯಿಲೆಯೇ ಎಂದು ಕೇಳಿದಿರಿ. ಇನ್ನೂ ಮಧುಮೇಹವಲ್ಲ, ಆದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ದೇಹ ಕೊಟ್ಟ ಸಾಕ್ಷಿ.

ನೀವು ಬರೆಯದ ಒಂದು ವಿಷಯ ಕೇಳುತ್ತೇನೆ. ಬಸಿರಿದ್ದಾಗ ನಿಮಗೆ ಸಕ್ಕರೆ ಹೆಚ್ಚಾಗಿತ್ತೇ? ಹಾಗೆ ಆದ ತಾಯಂದಿರಲ್ಲಿ ಮುಂದೆ ಎರಡನೆಯ ವಿಧದ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯ ನಂತರ ಸಕ್ಕರೆ ಸಹಜವಾಯಿತೆಂದು ಎಲ್ಲರೂ ಅದನ್ನು ಮರೆತುಬಿಡುತ್ತಾರೆ.

ರೊಟ್ಟಿಯ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಜನ ಇದೇ ಮಾತು ಹೇಳುತ್ತಾರೆ. ಜೋಳ ಒಳ್ಳೆಯ ಧಾನ್ಯ. ಅದರಲ್ಲಿ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಮೇಲು. ಆದರೆ ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇದೆ. ಅದು ಹೊಟ್ಟೆಯಲ್ಲಿ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ನಮ್ಮ ಅಜ್ಜಂದಿರು ನಾಲ್ಕು ರೊಟ್ಟಿ ಉಂಡು ದಿನವಿಡೀ ತೊಗರಿ ಹೊಲದಲ್ಲಿ ದುಡಿದರು. ನಾವು ಅದೇ ನಾಲ್ಕು ರೊಟ್ಟಿ ಉಂಡು ಕುರ್ಚಿಯಲ್ಲಿ ಕೂಡುತ್ತೇವೆ. ನಾದುವ ಮುಂಚೆ ಹಿಟ್ಟಿನ ಪಾತ್ರೆಯನ್ನೊಮ್ಮೆ ತೂಗಿ, ರೊಟ್ಟಿ ಬಡಿದಾದ ಮೇಲೆ ಉಳಿದ ಒಣಹಿಟ್ಟಿನ ಜೊತೆ ಮತ್ತೊಮ್ಮೆ ತೂಗಿ, ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಯಿತೆಂದು ಲೆಕ್ಕ ಹಾಕಿ ನೋಡಿ. ರೊಟ್ಟಿ ಬಿಡಬೇಕಾಗಿಲ್ಲ. ಊಟಕ್ಕೆ ಎರಡು ತೆಳು ರೊಟ್ಟಿ ಸಾಕು. ತಟ್ಟೆಯ ಅರ್ಧ ಭಾಗ ಪುಂಡಿಪಲ್ಯ, ಮೆಂತ್ಯೆ, ಬದನೆಕಾಯಿ, ಸೌತೆಕಾಯಿ, ಮೂಲಂಗಿ, ಹಸಿ ಉಳ್ಳಾಗಡ್ಡಿ ಇರಲಿ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ನಮ್ಮ ತಟ್ಟೆಯಲ್ಲಿ ಆ ಬೇಳೆ ನೀರಾಗಿ ಹರಿಯುತ್ತದೆ. ಗಟ್ಟಿ ಬೇಳೆ, ಮಡಕಿ ಕಾಳು, ಹೆಸರುಕಾಳು, ಮೊಸರು ಒಂದು ಪಾಲು ಇದ್ದರೆ ಮೂರನೆಯ ರೊಟ್ಟಿಯನ್ನು ಕೈ ತಾನಾಗಿ ಕೇಳುವುದಿಲ್ಲ. ರೊಟ್ಟಿ ಮುಗಿದ ಮೇಲೆ ಬರುವ ಅನ್ನವನ್ನು ಮಾತ್ರ ಗಟ್ಟಿ ಮನಸ್ಸು ಮಾಡಿ ನಿಲ್ಲಿಸಿ.

ನಡಿಗೆಗೆ ಇಲ್ಲಿಯ ಬಿಸಿಲು ದೊಡ್ಡ ಅಡ್ಡಿ ಎಂಬುದು ಗೊತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹೊತ್ತು ಏರಿದ ಮೇಲೆ ನಡೆಯಿರಿ ಎನ್ನುವುದು ತಪ್ಪಾಗುತ್ತದೆ. ಬೆಳಿಗ್ಗೆ ಆರಕ್ಕೆ ಶರಣಬಸವೇಶ್ವರ ಕೆರೆಯ ಸುತ್ತ ಹೋಗಬಹುದು. ಅದೂ ಆಗದಿದ್ದರೆ ರಾತ್ರಿ ಊಟವಾದ ಮೇಲೆ ಮನೆಯ ಮಾಳಿಗೆಯ ಮೇಲೆ ಹದಿನೈದು ನಿಮಿಷ ನಡೆಯಿರಿ. ಉಂಡ ಮೇಲೆ ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡಿದರೆ, ರಕ್ತಕ್ಕೆ ಬಂದ ಸಕ್ಕರೆಯನ್ನು ಅವೇ ಎಳೆದುಕೊಳ್ಳುತ್ತವೆ. ಆದರೆ ಹಿಮೋಗ್ಲೋಬಿನ್ 9.1 ಇರುವಾಗ ಏದುಸಿರು ಬರುವಷ್ಟು ವೇಗ ಬೇಡ, ನಿಧಾನವಾಗಿ ಆರಂಭಿಸಿ.

ಇದರಿಂದ ಏನಾದರೂ ಪ್ರಯೋಜನವಿದೆಯೇ ಎಂದು ನಿಮಗೆ ಅನ್ನಿಸಬಹುದು. ಚೆನ್ನೈಯಲ್ಲಿ ನಮ್ಮ ಭಾರತೀಯರ ಮೇಲೆಯೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪೂರ್ವಸ್ಥಿತಿಯಲ್ಲಿದ್ದು ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಆಹಾರ ಮತ್ತು ನಡಿಗೆ ಬದಲಿಸಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಸೇರಿಸಿದವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತೂಕವನ್ನು ಶೇ. 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಅಪಾಯ ಶೇ. 58ರಷ್ಟು ಕಡಿಮೆಯಾಯಿತು, ಮಾತ್ರೆಯಿಂದ ಶೇ. 31. ನೂರಕ್ಕೆ 39 ಜನರಿಗೆ ಆದರೂ ಬಂತಲ್ಲ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಪಥ್ಯ ಮಾಡಿಯೂ ಬಂದರೆ ಅದು ನಿಮ್ಮ ತಪ್ಪಲ್ಲ.

ಆದ್ದರಿಂದ ಮಾತ್ರೆಯನ್ನು ಬೇಕು ಅಥವಾ ಬೇಡ ಎಂದು ನಾನಾಗಲಿ ನೀವಾಗಲಿ ತೀರ್ಮಾನಿಸುವುದು ಬೇಡ. ತೂಕ, ವಯಸ್ಸು, ಬಸಿರಿನ ಚರಿತ್ರೆ ನೋಡಿ ವೈದ್ಯರು ಹೇಳಲಿ. ಸೊಂಟದ ಸುತ್ತಳತೆಯನ್ನು ಟೇಪಿನಿಂದ ಅಳೆದುಕೊಂಡು ಹೋಗಿ. ನಮ್ಮವರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ಆ ಕಷಾಯದ ಪುಡಿಯನ್ನು ಮಾತ್ರ ಬಿಟ್ಟುಬಿಡಿ, ಅದರಲ್ಲಿ ಏನು ಬೆರೆಸಿದ್ದಾರೆಂದು ಯಾರೂ ಹೇಳಲಾರರು. ಬಿಪಿ ಮತ್ತು ಕೊಲೆಸ್ಟರಾಲ್ ಪರೀಕ್ಷೆಯೂ ಆಗಲಿ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತವಾಗಿದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಮೂವರಿಗೂ ಕೈಮುಗಿದು ನಮಸ್ಕರಿಸುತ್ತೇನೆ. ಬೀದರಿನ ಹಿರಿಯರು ಹೇಳಿದಂತೆ, ವೈದ್ಯರನ್ನು ಕೇಳಿ ಗ್ಲೂಕೋಸ್ ಪರೀಕ್ಷೆ ಮಾಡಿಸಿದೆ. ಮೊದಲ ಅಂಕಿ 106, ಎರಡು ಗಂಟೆಯದು 161. ರಕ್ತಹೀನತೆ ಕಳೆದರೆ ಇದೂ ಕಳೆಯಬಹುದೆಂಬ ಒಂದು ಆಸೆ ಒಳಗೆ ಇತ್ತು, ಅದು ಹೋಯಿತು. ಆದರೆ ಆ ರಾತ್ರಿ ನನಗೆ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಆಳಂದದ ತಂಗಿಯ ಪ್ರಶ್ನೆಗೆ ಉತ್ತರ: ಹೌದು. ಎರಡನೆಯ ಮಗಳು ಹೊಟ್ಟೆಯಲ್ಲಿದ್ದಾಗ ಏಳನೆಯ ತಿಂಗಳಿನಲ್ಲಿ ಸಕ್ಕರೆ ಹೆಚ್ಚಾಗಿತ್ತು. ಹದಿಮೂರು ವರ್ಷವಾಯಿತು, ಹೆರಿಗೆಯ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕೆಂದು ಆಗ ಯಾರೂ ಹೇಳಲಿಲ್ಲ. ಈ ಸಲ ಹೇಳಿದಾಗ ವೈದ್ಯರು ಪೆನ್ನು ಕೆಳಗಿಟ್ಟು ಮತ್ತೊಮ್ಮೆ ವರದಿ ನೋಡಿದರು. ಮೂರು ತಿಂಗಳು ಊಟ ಮತ್ತು ನಡಿಗೆಯಲ್ಲೇ ಪ್ರಯತ್ನಿಸೋಣ, ಆಮೇಲೆ ಮಾತ್ರೆಯ ವಿಚಾರ ಎಂದಿದ್ದಾರೆ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಿರುವುದರಿಂದ ಸ್ತ್ರೀರೋಗ ತಜ್ಞರಿಗೂ ತೋರಿಸಲು ಬರೆದುಕೊಟ್ಟಿದ್ದಾರೆ.

ಹಿಟ್ಟು ತೂಗಿದ್ದನ್ನು ಹೇಳಲೇಬೇಕು. ಮಗಳು ಕೇಕ್ ಮಾಡಲು ತರಿಸಿದ್ದ ಸಣ್ಣ ತೂಕದ ಯಂತ್ರದ ಮೇಲೆ ಪಾತ್ರೆ ಇಟ್ಟೆವು. ಅತ್ತೆಯವರು ಎಂದಿನಂತೆ ಒಂಬತ್ತು ರೊಟ್ಟಿ ಬಡಿದರು, ಖರ್ಚಾದ ಹಿಟ್ಟು 540 ಗ್ರಾಂ. ಒಂದು ರೊಟ್ಟಿಗೆ 60 ಗ್ರಾಂ. ದಿನಕ್ಕೆ ನಾನು ಉಣ್ಣುತ್ತಿದ್ದುದು ಆರು. ಅಂದರೆ 360 ಗ್ರಾಂ ಹಿಟ್ಟು, ಅದರಲ್ಲಿ ಪಿಷ್ಟವೇ 250 ಗ್ರಾಂ. ಸಿಹಿ ತಿನ್ನುವುದಿಲ್ಲ ಎಂದು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸುವ ನಾನು ನನ್ನ ತಟ್ಟೆಯ ಲೆಕ್ಕವನ್ನು ಒಮ್ಮೆಯೂ ಮಾಡಿರಲಿಲ್ಲ. ಅತ್ತೆಯವರು ಯಂತ್ರದ ಅಂಕಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಮರುದಿನದಿಂದ ನನಗೆಂದು ಉಂಡೆಯನ್ನು ಸಣ್ಣದು ಮಾಡಿ, ಹಂಚು ಕಾಣುವಷ್ಟು ತೆಳ್ಳಗೆ ಬಡಿಯುತ್ತಿದ್ದಾರೆ. 40 ಗ್ರಾಮಿಗೆ ಬಂದಿದೆ, ಹೊತ್ತಿಗೆ ಎರಡು.

ಈಗ ಉಳಿದಿರುವುದು ಎರಡು ಸಂದೇಹ. ಮುಂದೆ ಶ್ರಾವಣ ಬರುತ್ತದೆ. ಸೋಮವಾರದ ಉಪವಾಸವನ್ನು ಮದುವೆಯಾದಾಗಿನಿಂದ ಬಿಟ್ಟಿಲ್ಲ, ಆ ದಿನ ಸಾಬುದಾಣಿ ಕಿಚಡಿ ತಿನ್ನುತ್ತೇವೆ. ಅದು ನಡೆಯುತ್ತದೆಯೇ? ಎಚ್‌ಬಿಎ1ಸಿ ಮತ್ತೆ ಯಾವಾಗ ಮಾಡಿಸಲಿ?

ಉತ್ತರ: ಶುಶ್ರೂಷಾಧಿಕಾರಿ, ಆಳಂದ ತಾಲ್ಲೂಕು

ಅಕ್ಕಾ, ಸಾಬುದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ, ಜೋಳದಲ್ಲಿರುವ ನಾರು ಅದರಲ್ಲಿಲ್ಲ. ದಿನವಿಡೀ ಹಸಿದು ಸಂಜೆಗೆ ಒಂದು ತಟ್ಟೆ ಕಿಚಡಿ ತಿಂದರೆ ಸಕ್ಕರೆ ಒಮ್ಮೆಲೇ ಏರುತ್ತದೆ. ಶುಗರ್ ಇಳಿಸುವ ಮಾತ್ರೆ ನೀವು ತೆಗೆದುಕೊಳ್ಳುತ್ತಿಲ್ಲವಾದ್ದರಿಂದ ಉಪವಾಸದಿಂದ ಸಕ್ಕರೆ ಅಪಾಯಕರವಾಗಿ ಕುಸಿಯುವ ಭಯ ಕಡಿಮೆ. ಆದರೆ ರಕ್ತಹೀನತೆ ಇರುವುದರಿಂದ ಈ ವರ್ಷ ಪೂರ್ತಿ ನಿರಾಹಾರ ಬೇಡ. ಹುರಿದ ಶೇಂಗಾ ಒಂದು ಹಿಡಿ, ಮೊಸರು, ಮಜ್ಜಿಗೆ, ಒಂದು ಪೇರಲಹಣ್ಣು ನಿಮ್ಮ ಮನೆಯ ಉಪವಾಸಕ್ಕೆ ನಡೆಯುವುದಾದರೆ ಅದೇ ಇರಲಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಹಿಂದೆ ಮುಂದೆ ಒಂದೆರಡು ಗಂಟೆ ಅಂತರವಿರಲಿ. ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಲಿಂಬೆರಸ ಹಿಂಡಿದ ನೀರಿನ ಜೊತೆ ತೆಗೆದುಕೊಳ್ಳಬಹುದು.

ಉತ್ತರ: ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಬೀದರ

ಎಚ್‌ಬಿಎ1ಸಿಗೆ ಅವಸರ ಮಾಡಬೇಡಿ, ಅಕ್ಕೋರೇ. ಕಬ್ಬಿಣದ ಮಾತ್ರೆ ಕೆಲಸ ಮಾಡತೊಡಗಿದಾಗ ಹೊಸ ಕಣಗಳು ಒಮ್ಮೆಲೇ ಹೆಚ್ಚು ಹುಟ್ಟುತ್ತವೆ. ಅವುಗಳಿಗೆ ಸಕ್ಕರೆ ಅಂಟಲು ಇನ್ನೂ ಸಮಯವೇ ಸಿಕ್ಕಿರುವುದಿಲ್ಲ, ಹಾಗಾಗಿ ಆ ದಿನಗಳಲ್ಲಿ ಅಂಕಿ ಇದ್ದುದಕ್ಕಿಂತ ಕೆಳಗೆ ತೋರಿಸಿ ಸುಳ್ಳು ಸಮಾಧಾನ ಕೊಡಬಹುದು. ಮೂರು ತಿಂಗಳಿಗೆ ವೈದ್ಯರ ಬಳಿ ಹೋಗುವಾಗ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಹಿಮೋಗ್ಲೋಬಿನ್ ಎರಡನ್ನೂ ಮಾಡಿಸಿಕೊಂಡು ಹೋಗಿ. ಹಿಮೋಗ್ಲೋಬಿನ್ ಸಹಜಕ್ಕೆ ಬಂದು ಮತ್ತೆ ಮೂರು ತಿಂಗಳು ಕಳೆದ ಮೇಲೆ ಎಚ್‌ಬಿಎ1ಸಿ ಮಾಡಿಸಿದರೆ ಆ ಅಂಕಿಯನ್ನು ನಂಬಬಹುದು. ಹಳೆಯ ವರದಿ ಎಸೆಯಬೇಡಿ, ಹೊಸದರ ಜೊತೆ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.